ಒಂಬತ್ತನೇ ದಿನದ ಕೂಗು

ನಮ್ಮೂರನ್ನು ನೋಡಬೇಕು ಅಂತ ಯಾರೂ ಬರುವುದಿಲ್ಲ. ಬರುವವರೆಲ್ಲ ಮೇಲಿನೂರಿಗೆ ಬರುತ್ತಾರೆ. ಅಲ್ಲಿ ಗುಡ್ಡದ ಅಂಚಿಗೆ ಒಂದು ಕರೀ ಬಂಡೆ ಇದೆ, ಕೂಗುಬಂಡೆ ಅಂತ. ಅದರ ಮೇಲೆ ನಿಂತು ಕೂಗಿದರೆ ಕೂಗು ಮರಳಿ ಬರುತ್ತದೆ ಅಂತ ಇಲಾಖೆಯವರು ಹೆದ್ದಾರಿಯಲ್ಲಿ ಆಳೆತ್ತರದ ಬೋರ್ಡು ನಿಲ್ಲಿಸಿದ್ದಾರೆ. ಸುಳ್ಳೇನಲ್ಲ, ಬರುತ್ತದೆ. ಒಂಬತ್ತು ದಿನ ಬಿಟ್ಟು ಬರುತ್ತದೆ, ಅದೂ ಮೇಲಿನೂರಿಗಲ್ಲ, ಕೆಳಗೆ ಕಣಿವೆಯಲ್ಲಿರುವ ನಮ್ಮೂರಿಗೆ. ಈ ಎರಡು ಚಿಲ್ಲರೆ ವಿಷಯ ಬರೆಯುವುದಕ್ಕೆ ಬೋರ್ಡಿನಲ್ಲಿ ಜಾಗ ಸಾಲಲಿಲ್ಲವಂತೆ. ಜನ ಕಾರು ಮಾಡಿಕೊಂಡು ಬರುತ್ತಾರೆ, ಟಿಕೆಟ್ ತಗೊಂಡು ಬಂಡೆ ಹತ್ತುತ್ತಾರೆ, ಗಂಟಲು ಹರಿಯುವ ಹಾಗೆ ಕೂಗುತ್ತಾರೆ, ಕಿವಿಗೆ ಕೈ ಹಚ್ಚಿ ಕಾಯುತ್ತಾರೆ. ಆಮೇಲೆ ಮುಖ ಸಣ್ಣಗೆ ಮಾಡಿಕೊಂಡು ಚುರುಮುರಿ ತಿಂದು ಹೋಗುತ್ತಾರೆ. ಟಿಕೆಟ್ಟು, ಚುರುಮುರಿ ಎಲ್ಲ ಮೇಲಿನೂರಿನವರ ವ್ಯಾಪಾರ. ಕೂಗು ಮಾತ್ರ ನಮ್ಮ ಪಾಲಿಗೆ.

ಭಾನುವಾರ ಅಲ್ಲಿ ಜನ ಜಾಸ್ತಿ, ಆದ್ದರಿಂದ ಮಂಗಳವಾರ ನಮಗೆ ತಲೆನೋವು. ಕೂಗಿದ ಗಳಿಗೆಗೆ ಸರಿಯಾಗಿ ಮೇಲಿಂದ ಬೀಳುತ್ತಲೇ ಇರುತ್ತವೆ. ಹೆಚ್ಚಿನವು ಬರೀ ಹೋ ಅನ್ನುವ ಕೂಗು, ಮಿಕ್ಕವು ಹೆಸರುಗಳು. ಮೇಷ್ಟ್ರು ಹಾಜರಿ ಕರೆಯುವಾಗ ಆಕಾಶದಿಂದ ಯಾರೋ ಪ್ರಕಾಶಾ ಅಂದು, ನಮ್ಮ ಪ್ರಕಾಶ ಬಂದೆ ಸಾರ್ ಅಂದು, ಒಂದೇ ದಿನಕ್ಕೆ ಎರಡು ಹಾಜರಿ ಪಡೆದದ್ದಿದೆ. ತಮ್ಮ ಆಫೀಸಿನ ಸಾಹೇಬನಿಗೆ ಬೈಯುವವರೂ ಇರುತ್ತಾರೆ. ಆ ಸಾಹೇಬ ಯಾರೋ ಎಲ್ಲಿಯವನೋ, ಅವನ ಜನ್ಮ ಜಾಲಾಡುವುದನ್ನು ಕೇಳಿಸಿಕೊಳ್ಳುತ್ತಾ ನಾವು ಸೊಪ್ಪು ಬಿಡಿಸುತ್ತೇವೆ. ಒಮ್ಮೆ ಹೊಸದಾಗಿ ಮದುವೆಯಾದ ಜೋಡಿಯೊಂದು, ನಮ್ಮ ಕೂಗು ಕೇಳಿಯೇ ಹೋಗುತ್ತೇವೆ ಅಂತ ಹಟ ಹಿಡಿದು ನಮ್ಮ ಮನೆಯಲ್ಲೇ ಬಾಡಿಗೆಗೆ ಉಳಿಯಿತು. ನಿನ್ನನ್ನು ಬಿಟ್ಟು ಬದುಕಲಾರೆ ಅನ್ನುವ ಕೂಗು ಬೀಳುವ ಹೊತ್ತಿಗೆ ಹುಡುಗಿ ಆರನೇ ದಿನದ ಬಸ್ಸು ಹತ್ತಿ ತವರಿಗೆ ಹೋಗಿಯಾಗಿತ್ತು. ಹುಡುಗ ಜಗಲಿಯ ಮೇಲೆ ಒಬ್ಬನೇ ಕೂತು ಕೇಳಿಸಿಕೊಂಡ. ಒಂಬತ್ತು ದಿನದ ಹಿಂದೆ ಆಡಿದ ಮಾತನ್ನು ಕೂತು ಕೇಳುವ ಧೈರ್ಯ ಯಾರಿಗೂ ಇರುವುದಿಲ್ಲ, ನಮಗೂ ಇಲ್ಲ.

ಅದಕ್ಕೇ ನಮ್ಮೂರಿನವರು ಮೇಲೆ ಹೋಗುವಾಗ, ಬಂಡೆ ಬರುವ ಮೊದಲೇ ಬಾಯಿ ತುಂಬ ನೀರು ತುಂಬಿಕೊಳ್ಳುತ್ತೇವೆ. ದಾರಿ ಬಂಡೆಯ ಬೆನ್ನಿನ ಮೇಲೇ ಹಾದು ಹೋಗುತ್ತದೆ, ನೂರು ಹೆಜ್ಜೆ. ಆ ನೂರು ಹೆಜ್ಜೆ ಮುಗಿಯುವವರೆಗೆ ನುಂಗಬಾರದು, ಉಗುಳಬಾರದು. ಎಡವಿ ಅಯ್ಯೋ ಅಂದರೂ ಸಾಕು, ಒಂಬತ್ತನೇ ದಿನ ಊರೆಲ್ಲ ಯಾರದು ಬಿದ್ದದ್ದು ಅಂತ ವಿಚಾರಿಸಿಕೊಂಡು ಬರುತ್ತದೆ. ಹೊರಗಿನವರ ಕೂಗಿಗೆ ನಾವು ತಲೆ ಕೆಡಿಸಿಕೊಳ್ಳುವುದಿಲ್ಲ, ಆದರೆ ಊರಿನವರ ದನಿ ಬಿತ್ತೋ, ಮಾಡುತ್ತಿದ್ದ ಕೆಲಸ ಬಿಟ್ಟು ಕಿವಿ ನೆಟ್ಟಗೆ ಮಾಡಿಕೊಳ್ಳುತ್ತೇವೆ. ಹೊಸ ಸೊಸೆಯರಿಗೆ ಅಡುಗೆಮನೆ ತೋರಿಸುವ ಮೊದಲು ಬಾಯಲ್ಲಿ ನೀರು ಹಿಡಿಯುವುದನ್ನು ಕಲಿಸುತ್ತಾರೆ. ನಾನು ಇಪ್ಪತ್ತಾರು ವರ್ಷ ಒಂದು ತೊಟ್ಟೂ ನುಂಗದೆ ದಾಟಿದವಳು. ಇಪ್ಪತ್ತೇಳನೇ ವರ್ಷಕ್ಕೆ ಈ ನಾಲಿಗೆಗೆ ಏನು ಬಂದಿತ್ತೋ.

ನಾನು ಚೆನ್ನಾಜಮ್ಮ. ಬಸ್‌ಸ್ಟ್ಯಾಂಡಿನ ಪಕ್ಕದ ಹೋಟ್ಲು ನಮ್ಮದು, ಅಂದರೆ ನನ್ನದು ಮತ್ತು ನನ್ನ ಓರಗಿತ್ತಿ ಇಂದ್ರಮ್ಮನದು. ಗಂಡಂದಿರು ಅಣ್ಣತಮ್ಮ, ಇಬ್ಬರೂ ಲಾರಿ ಮೇಲೆ ಹೋಗುತ್ತಾರೆ, ಬಂದಾಗ ಉಂಡು ಮಲಗುತ್ತಾರೆ. ಅವರ ವಿಷಯ ಇಷ್ಟು ಸಾಕು. ನಮ್ಮಲ್ಲಿ ಒತ್ತು ಶ್ಯಾವಿಗೆ, ಕಾಯಿಹಾಲು ಹೆಸರುವಾಸಿ. ಅಕ್ಕಿಹಿಟ್ಟು ಕಲಸಿ, ಉಂಡೆ ಕಟ್ಟಿ ಬೇಯಿಸುವವಳು ನಾನು. ಬೆಂದ ಉಂಡೆಯನ್ನು ಶ್ಯಾವಿಗೆ ಒರಳಿಗೆ ಹಾಕಿ ಒತ್ತುವವಳು ಅವಳು. ಶ್ಯಾವಿಗೆ ಮುರಿದರೆ ನನ್ನ ಹಿಟ್ಟಿನ ತಪ್ಪು, ಎಳೆ ಎಳೆಯಾಗಿ ಬಂದರೆ ಅವಳ ಕೈಗುಣ. ಜನರಿಗೆ ಕಾಣುವುದು ಮುಂದೆ ಕೂತು ಒತ್ತುವವರು, ಒಳಗೆ ಹೊಗೆ ಕುಡಿಯುವವರಲ್ಲ.

ಈ ಇಂದ್ರಮ್ಮನಿಗೆ ಓದಲು ಬರುವುದಿಲ್ಲ. ನನಗೊಬ್ಬಳಿಗೇ ಗೊತ್ತಿದ್ದ ಗುಟ್ಟು ಇದು. ಹೆಣ್ಣು ಕೊಡುವಾಗ ಅವಳ ಕಡೆಯವರು ಏಳನೇ ಕ್ಲಾಸು ಅಂದಿದ್ದರು, ನಮ್ಮತ್ತೆ ಅದನ್ನು ಊರಿಗೆಲ್ಲ ಎಸ್ಸೆಲ್ಸಿ ಅಂತ ಹೇಳಿಕೊಂಡು ಬಂದಳು, ಇವಳು ಬಾಯಿ ಮುಚ್ಚಿಕೊಂಡಳು. ನಾನು ಸೊಸೆಯಾಗಿ ಬಂದ ಎರಡನೇ ತಿಂಗಳು ಅವಳಿಗೊಂದು ಕಾಗದ ಬಂತು. ಅದನ್ನು ಹಿಡಿದುಕೊಂಡು ಹಿತ್ತಿಲಲ್ಲಿ ಅಳುತ್ತಾ ಕೂತಿದ್ದಳು. ಯಾರು ಸತ್ತರೋ ಅಂತ ಕಿತ್ತುಕೊಂಡು ನೋಡಿದರೆ, ಅವಳ ತಂಗಿಗೆ ಗಂಡುಮಗು ಹುಟ್ಟಿದೆ ಅಂತ ಬರೆದಿತ್ತು. "ಯಾರಿಗೂ ಹೇಳಬ್ಯಾಡ ಕಣೆ ಚೆನ್ನಿ," ಅಂದಳು. ಒಳಗೆ ಬಂದು ಉರಿಯುವ ಒಲೆ ಮುಂದೆ ಕೂತು, ಹೇಳುವುದಿಲ್ಲ ಅಂತ ಆಣೆ ಮಾಡಿದೆ.

ಅವತ್ತಿನಿಂದ ದಿನಾ ಬೆಳಗ್ಗೆ ಒಲೆ ಮುಂದೆ ನಾನು ಪೇಪರು ಓದುತ್ತೇನೆ, ಅವಳು ಕೇಳಿಸಿಕೊಳ್ಳುತ್ತಾಳೆ. ಆಮೇಲೆ ಹೋಟ್ಲಿನ ಬೆಂಚಿನಲ್ಲಿ ಕೂತು, ಅದೇ ಪೇಪರು ಬಿಡಿಸಿ ಹಿಡಿದು, ಕಾಫಿಗೆ ಬಂದ ಮುದುಕರಿಗೆಲ್ಲ ಒಂದು ಮಾತೂ ಬಿಡದೆ ಓದಿ ಹೇಳುತ್ತಾಳೆ. ನನಗೆ ಜ್ವರ ಬಂದ ದಿನ ಹಿಂದಿನ ದಿನದ್ದನ್ನೇ ಇನ್ನೊಂದು ಸಲ ಓದಿದಳು, ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ದೇಶ ಹಾಗಿದೆ. ಓದಿದವಳು ಅಂತ ಊರಿನವರು ಮಹಿಳಾ ಸಂಘಕ್ಕೆ ಅವಳನ್ನೇ ಅಧ್ಯಕ್ಷೆ ಮಾಡಿದರು. ಸಹಿ ಹಾಕುವುದನ್ನು ನಾನೇ ಕಲಿಸಿದೆ. ಅಷ್ಟಕ್ಕೇ ನಿಲ್ಲಿಸಿದೆ. ಇನ್ನೂ ಕಲಿಸಬಹುದಿತ್ತು. ಆದರೆ ನಾನಿಲ್ಲದೆ ಅವಳಿಗೆ ನಡೆಯುವುದಿಲ್ಲ ಅನ್ನುವುದು ನನಗೆ ಹಿತವಾಗಿತ್ತು, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

ಈಗ ಇಲಾಖೆಯ ವಿಷಯ. ಭಾನುವಾರವಾದರೂ ಬಂಡೆ ಮುಚ್ಚಿಸಿ, ನಮ್ಮ ಕಿವಿ ಹೋಗುತ್ತಿದೆ ಅಂತ ನಾವು ಹನ್ನೊಂದು ವರ್ಷ ಅರ್ಜಿ ಕೊಟ್ಟೆವು. ಹನ್ನೆರಡನೇ ವರ್ಷ ಉತ್ತರ ಬಂತು. ನಮ್ಮ ಊರನ್ನು ಆದರ್ಶ ಶ್ರವಣ ಗ್ರಾಮ ಅಂತ ಘೋಷಣೆ ಮಾಡಿದ್ದಾರಂತೆ. ಹಾಗಂದರೆ ನಾವೇನು ಮಾಡಬೇಕು ಅಂತ ಕೇಳಿದರೆ, ಬಂದಿದ್ದ ಅಧಿಕಾರಿ, "ನೀವು ಹೊಸದಾಗಿ ಏನೂ ಮಾಡಬೇಕಿಲ್ಲ. ಇಷ್ಟು ದಿನ ಕೇಳಿಸಿಕೊಳ್ಳುತ್ತಿದ್ದದ್ದನ್ನೇ ಇನ್ನು ಮೇಲೆ ಹೆಮ್ಮೆಯಿಂದ ಕೇಳಿಸಿಕೊಳ್ಳಿ," ಅಂದರು. ಅವತ್ತು ಅವರು ನಮ್ಮ ಹೋಟ್ಲಲ್ಲಿ ಮೂರು ತಟ್ಟೆ ಶ್ಯಾವಿಗೆ ತಿಂದರು, ಒತ್ತುತ್ತಿದ್ದವಳ ಹೆಸರು ಕೇಳಿ ಬರೆದುಕೊಂಡರು. ಕಲಸುತ್ತಿದ್ದವಳ ಹತ್ತಿರ ಕುಡಿಯುವ ನೀರು ಕೇಳಿದರು.

ಅದಾದ ಮುಂದಿನ ಭಾನುವಾರ ಮೇಲಿನೂರಿನ ಹೋಟ್ಲಿಗೆ ಶ್ಯಾವಿಗೆ ಬುಟ್ಟಿ ಹೊತ್ತು ಹೊರಟೆ. ಬಂಡೆಗಿಂತ ಸ್ವಲ್ಪ ಮುಂಚೆ ಬಾಯಿಗೆ ನೀರು ತುಂಬಿಕೊಂಡು ತಲೆ ಎತ್ತಿದರೆ ಹೊಸಾ ಬೋರ್ಡು. ಕೂಗುಬಂಡೆ ನೂರು ಮೀಟರ್, ಇಂದ್ರಮ್ಮನ ಪ್ರಸಿದ್ಧ ಒತ್ತು ಶ್ಯಾವಿಗೆ ಎರಡು ಕಿಲೋಮೀಟರ್. ಪಕ್ಕದಲ್ಲಿ ಒಂದು ಹೆಂಗಸಿನ ಚಿತ್ರ, ಆ ಹೆಂಗಸಿಗೆ ಇಂದ್ರಮ್ಮನ ಮೂಗುತಿ. ಬಂಡೆಯ ಮೇಲೆ ಅರ್ಧ ದಾರಿ ಹೋಗಿರಬೇಕು, ಬುಟ್ಟಿ ಇಳಿಸಿದೆ, ಬಾಯಲ್ಲಿದ್ದ ನೀರನ್ನು ನುಂಗಿದೆ, ಸೊಂಟಕ್ಕೆ ಸೆರಗು ಸಿಕ್ಕಿಸಿದೆ, ಕೂಗಿದೆ.

"ಅವಳ್ಯಾವ ದೊಡ್ಡ ಇಂದ್ರಮ್ಮ. ಓದೋಕೇ ಬರಲ್ಲ ಅವಳಿಗೆ. ಸಂಘದ ಅಧ್ಯಕ್ಷೆ ಅಂತೆ, ಒಂದಕ್ಷರ ಗೊತ್ತಿಲ್ಲ. ಪೇಪರು ಓದಿ ಹೇಳಿಕೊಡೋಳು ನಾನು. ಹಿಟ್ಟು ಕಲಸೋಳೂ ನಾನು. ಕೇಳಿಸ್ತಾ, ಹಿಟ್ಟು ಕಲಸೋಳು ನಾನು."

ಸುತ್ತ ನಾಲ್ಕು ಸಂಸಾರ ಹೋ ಅಂತ ಅರಚುತ್ತಿದ್ದವು, ಯಾರೂ ನನ್ನತ್ತ ತಿರುಗಲಿಲ್ಲ. ಟೋಪಿ ಹಾಕಿದ್ದ ಒಬ್ಬ ಮಾತ್ರ ಆಂಟಿ ಸೂಪರ್ ಅಂದ. ಬುಟ್ಟಿ ಎತ್ತಿಕೊಂಡು ಹತ್ತು ಹೆಜ್ಜೆ ಹೋದ ಮೇಲೆ ನಾನು ಮಾಡಿದ್ದೇನು ಅನ್ನುವುದು ತಲೆಗೆ ಹೋಯಿತು. ಮನೆಗೆ ಬಂದರೆ ಇಂದ್ರಮ್ಮ ಮಜ್ಜಿಗೆ ಮಾಡಿಟ್ಟುಕೊಂಡು ಕಾಯುತ್ತಿದ್ದಳು. "ಬಿಸಿಲಲ್ಲಿ ಹೋಗಿ ಬಂದಿದೀಯ, ಕುಡಿ. ಅದೇನೋ ಬೋರ್ಡು ಹಾಕವ್ರಂತಲ್ಲ, ಏನು ಬರೆದವ್ರೆ?" ಅಂದಳು. ದಾರಿ ತೋರಿಸೋ ಬೋರ್ಡು ಅಕ್ಕ, ಅಂದೆ. ಮಜ್ಜಿಗೆಗೆ ಕೊತ್ತಂಬರಿ ಹಾಕಿದ್ದಳು, ನಾನು ಲೋಟ ಹಿಡಿದುಕೊಂಡೇ ಹಿತ್ತಿಲಿಗೆ ಹೋದೆ.

ಮಾರನೇ ದಿನ ನೆಪ ಮಾಡಿಕೊಂಡು ಮೇಲೆ ಹೋದೆ. ಟಿಕೆಟ್ ಹರಿಯುವ ಪಾಪಣ್ಣ ಗೂಡಿನಲ್ಲಿ ಕೂತು ಕಿವಿ ಕೆರೆದುಕೊಳ್ಳುತ್ತಿದ್ದ. ಕೂಗಿದ್ದನ್ನು ವಾಪಸ್ ತಗೊಳ್ಳೋದಕ್ಕೆ ಏನಾದರೂ ದಾರಿ ಇದೆಯಾ ಅಂತ ಕೇಳಿದೆ.

"ಇಲ್ಲಿ ಕೊಡೋದು ಮಾತ್ರ ಚೆನ್ನಾಜಕ್ಕ, ತಗೊಳ್ಳೋದು ನಿಮ್ಮೂರಲ್ಲಿ," ಅಂದ ಪಾಪಣ್ಣ. "ನೀವು ಕೂಗೋವಾಗ ಹನ್ನೊಂದು ಇಪ್ಪತ್ತರ ಬಸ್ಸು ಹಾರ್ನ್ ಹೊಡೀತಿತ್ತು. ಟೈಮು ನೆನಪಿಟ್ಕೊಳ್ಳಿ, ಉಪಯೋಗಕ್ಕೆ ಬರ್ತದೆ. ಏನೇ ಹೇಳಿ, ಗಂಟಲು ಮಾತ್ರ ಒಳ್ಳೇದಿದೆ ನಿಮ್ದು."

ಇಳಿದು ಬಂದರೆ ಊರಲ್ಲಿ ಡಂಗುರ. ಮುಂದಿನ ವಾರ ಮಂಗಳವಾರ, ಅಂದರೆ ನನ್ನ ಕೂಗಿಗೆ ಒಂಬತ್ತನೇ ದಿನ, ಶ್ರವಣ ಗ್ರಾಮದ ಉದ್ಘಾಟನೆ. ಮಂಗಳವಾರವೇ ಯಾಕೆ ಅಂದರೆ ಇಲಾಖೆಯ ಸಾಹೇಬರಿಗೆ ತುಂಬ ಕೂಗು ಕೇಳಿಸಬೇಕಂತೆ. ಹನ್ನೊಂದಕ್ಕೆ ಪ್ರಾರ್ಥನೆ, ಆಮೇಲೆ ಅಧ್ಯಕ್ಷೆ ಇಂದ್ರಮ್ಮನವರಿಂದ ಸ್ವಾಗತ ಭಾಷಣ ವಾಚನ, ಹನ್ನೊಂದೂಕಾಲಿನಿಂದ ಅರ್ಧ ಗಂಟೆ ಸಾಮೂಹಿಕ ಶ್ರವಣ. ಊರಿನ ಜನ, ಮೇಲಿನೂರಿನ ಜನ, ಇಲಾಖೆಯವರು, ಎಲ್ಲರೂ ಕಿವಿ ತೆರೆದುಕೊಂಡು ಕೂತಿರುವ ಹೊತ್ತಿಗೆ, ಅವಳು ಓದಿ ಮುಗಿಸಿದ ಕಾಗದ ಇನ್ನೂ ಕೈಯಲ್ಲಿರುವಾಗಲೇ, ನನ್ನ ಬಾಯಿಂದ ಅವಳ ಮಾನ ಹೋಗುವುದಿತ್ತು.

ಮುಚ್ಚಿಹಾಕಬೇಕಾದ ಕೂಗು ಬೀಳುವ ದಿನ ನಮ್ಮೂರಲ್ಲಿ ಹಿಟ್ಟಿನ ಗಿರಣಿ ಓಡಿಸುವುದು ವಾಡಿಕೆ. ಗಿರಣಿ ಬಸವಲಿಂಗನ ಹತ್ತಿರ ಹೋಗಿ, ಹನ್ನೊಂದು ಇಪ್ಪತ್ತಕ್ಕೆ ಐದು ನಿಮಿಷ ಮಿಷನ್ನು ಹಾಕಪ್ಪ ಅಂದೆ. "ಯಾರದ್ದು ಬೀಳೋದು?" ಅಂದ. ನಿನಗ್ಯಾಕೆ ಅಂದೆ. ಅವನು ಗೋಡೆಗೆ ಅಂಟಿಸಿದ್ದ ಕಾಗದ ತೋರಿಸಿದ. ಉದ್ಘಾಟನೆಯ ದಿನ ಗಿರಣಿ, ಟ್ರ್ಯಾಕ್ಟರು, ಮೈಕು, ಬಟ್ಟೆ ಒಗೆಯುವುದು, ಒಗ್ಗರಣೆ ಎಲ್ಲ ನಿಷೇಧ. ಒಗ್ಗರಣೆಯನ್ನೂ ಬಿಟ್ಟಿರಲಿಲ್ಲ ಪುಣ್ಯಾತ್ಮರು.

ಉಳಿದದ್ದು ಒಂದೇ ದಾರಿ, ಅವಳಿಗೆ ಹೇಳಿಬಿಡುವುದು. ಎಂಟು ದಿನ ಇತ್ತು, ಎಂಟೂ ದಿನ ಬಾಯಿ ತೆರೆದೆ, ಎಂಟೂ ದಿನ ಬೇರೆ ಏನೋ ಹೇಳಿದೆ. ಯಾಕೆಂದರೆ ಆ ಎಂಟೂ ದಿನ ನಾನು ಅವಳಿಗೆ ಸ್ವಾಗತ ಭಾಷಣ ಹೇಳಿಕೊಡುತ್ತಿದ್ದೆ. ಸನ್ಮಾನ್ಯರೇ ಅಂತ ನಾನು ಓದುವುದು, ಸನ್ಮಾನ್ಯರೇ ಅಂತ ಅವಳು ಒಪ್ಪಿಸುವುದು. ಯಾವ ಮಾತು ಬಂದಾಗ ಹಾಳೆ ಮಗುಚಬೇಕು ಅನ್ನುವುದನ್ನೂ ಕಲಿತಳು. "ನೀನಿಲ್ದಿದ್ರೆ ನನ್ನ ಗತಿ ಏನಾಗ್ತಿತ್ತು ಚೆನ್ನಿ," ಅಂದಳು ಏಳನೇ ದಿನ. ಅದನ್ನು ಕೇಳಿದ ಮೇಲೆ ಹೇಳುವುದು ಹೇಗೆ, ನೀವೇ ಹೇಳಿ. ಎಂಟನೇ ದಿನ ನಾನು ಸಂಘದ ಹೆಂಗಸರನ್ನು ಕರೆದು, ನಾಳೆ ಸಾಹೇಬರ ಮುಂದೆ ರಾಗಿ ಬೀಸುವ ಪದ ಹಾಡೋಣ, ನಾನು ಶುರು ಮಾಡಿದ ತಕ್ಷಣ ಎಲ್ಲರೂ ಎತ್ತಿಕೊಳ್ಳಿ, ಗಂಟಲು ಉಳಿಸಬೇಡಿ ಅಂದೆ. ಸಾಹೇಬರು ಹೇಗೂ ಒಂದು ಗಂಟೆ ತಡವಾಗಿ ಬರುತ್ತಾರೆ, ಹನ್ನೊಂದು ಇಪ್ಪತ್ತಕ್ಕೆ ಕಾದು ಬೇಜಾರಾದ ಜನಕ್ಕೆ ಹಾಡು ಬೇಕೇ ಬೇಕಾಗುತ್ತದೆ ಅನ್ನುವುದು ನನ್ನ ಲೆಕ್ಕಾಚಾರ.

ನನ್ನ ಹಣೆಬರಹಕ್ಕೆ ಆ ಸಾಹೇಬರು ಹತ್ತೂಮುಕ್ಕಾಲಿಗೇ ಬಂದು ಕೂತರು. ನನ್ನ ಆಯುಷ್ಯದಲ್ಲಿ ಹೊತ್ತಿಗೆ ಸರಿಯಾಗಿ ಬಂದ ಅಧಿಕಾರಿ ಅಂದರೆ ಅವರೊಬ್ಬರೇ, ಅದಕ್ಕೂ ಅದೇ ದಿನ ಬೇಕಿತ್ತು. ಇಂದ್ರಮ್ಮ ಹಸಿರು ಸೀರೆ ಉಟ್ಟು, ಕಾಗದ ಹಿಡಿದು, ಎಲ್ಲಿ ಮಗುಚಬೇಕೋ ಅಲ್ಲಿ ಮಗುಚಿ, ಒಂದು ತಪ್ಪಿಲ್ಲದೆ ಭಾಷಣ ಓದಿದಳು. ಸಾಹೇಬರು ಎಷ್ಟು ಸ್ಪಷ್ಟ ಓದು ಅಂತ ಪಕ್ಕದವರಿಗೆ ಹೇಳಿದರು. ಹನ್ನೊಂದೂಕಾಲಿಗೆ ಸಾಮೂಹಿಕ ಶ್ರವಣ ಶುರುವಾಯಿತು. ಮುನ್ನೂರು ಜನ ಶಾಲೆಯ ಬಯಲಿನಲ್ಲಿ ಕೈ ಕಟ್ಟಿಕೊಂಡು ಆಕಾಶ ನೋಡುತ್ತಾ ಕೂತರು. ಮೇಲಿಂದ ಮಾಮೂಲಿನ ಹೋ, ರಶ್ಮಿ, ಪ್ರಕಾಶಾ ಬೀಳುತ್ತಿದ್ದವು, ಸಾಹೇಬರು ಹೂಂಗುಟ್ಟುತ್ತಿದ್ದರು. ನಾನು ಶಾಲೆ ಜಗಲಿಯ ಗೋಡೆ ಗಡಿಯಾರ ನೋಡುತ್ತಿದ್ದೆ. ಆಕಾಶದಲ್ಲಿ ಆವತ್ತಿನ ಬಸ್ಸಿನ ಹಾರ್ನ್ ಕೇಳಿಸಿತು.

ಎದ್ದು ನಿಂತವಳೇ ಬೀಸುವ ಪದ ಎತ್ತಿದೆ. ಅದು ಹಾಡಲ್ಲ, ಕಿರುಚಾಟ. ಮೇಲಿಂದ ನನ್ನ ದನಿ ಅವಳ್ಯಾವ ದೊಡ್ಡ ಅಂತ ಶುರು ಮಾಡುವಷ್ಟರಲ್ಲಿ ಸಂಘದ ಹದಿನಾರು ಹೆಂಗಸರು, ಇದೂ ಕಾರ್ಯಕ್ರಮದಲ್ಲಿದೆ ಅಂದುಕೊಂಡು, ಒಟ್ಟಿಗೇ ಗಂಟಲು ಬಿಟ್ಟರು. ಮೇಲೂ ನಾನೇ, ಕೆಳಗೂ ನಾನೇ, ಇಬ್ಬರೂ ಒಬ್ಬರ ಬಾಯಿ ಒಬ್ಬರು ಮುಚ್ಚಿಸುತ್ತಿದ್ದೆವು. ವೇದಿಕೆಯ ಮೇಲೆ ಇಂದ್ರಮ್ಮನ ಬಾಯೂ ಹಾಡಿಗೆ ಆಡುತ್ತಿತ್ತು. ಅದನ್ನು ನೋಡಿ ಸ್ವಲ್ಪ ಜೀವ ಬಂತು. ಆದರೆ ಆವತ್ತು ಎಷ್ಟು ಉದ್ದ ಕೂಗಿದ್ದೆ ಅನ್ನುವುದು ಸಿಟ್ಟಿನಲ್ಲಿ ನನಗೇ ತಿಳಿದಿರಲಿಲ್ಲ. ಮೂರನೇ ನುಡಿಗೆ ಉಸಿರು ಕಟ್ಟಿತು, ನಾನು ನಿಲ್ಲಿಸಿದ್ದಕ್ಕೆ ಎಲ್ಲರೂ ನಿಲ್ಲಿಸಿದರು, ಆಗ ಆ ನಿಶ್ಶಬ್ದದಲ್ಲಿ ನನ್ನ ಕೊನೇ ಮಾತು ದೊಪ್ಪನೆ ಬಿತ್ತು. "ಕೇಳಿಸ್ತಾ, ಹಿಟ್ಟು ಕಲಸೋಳು ನಾನು."

ಮುನ್ನೂರು ಜನ ನಕ್ಕರು. ಸಾಹೇಬರು ಯಾರು ಇವರು ಅಂತ ಕೇಳಿ ತಿಳಿದುಕೊಂಡು, ತಾವೂ ನಕ್ಕು, ಡೈರಿಯಲ್ಲಿ ಏನೋ ಬರೆದುಕೊಂಡರು. ನನಗೆ ನಾಚಿಕೆಯಾಗಲಿಲ್ಲ. ಓದಿನ ಮಾತು ಯಾರ ಕಿವಿಗೂ ಬಿದ್ದಿರಲಿಲ್ಲ. ನಾನು ಹೊಟ್ಟೆಕಿಚ್ಚಿನ ಹೆಂಗಸು ಅಂತ ಊರೆಲ್ಲ ಆಡಿಕೊಂಡರೆ ಆಡಿಕೊಳ್ಳಲಿ, ಅದು ನಿಜವೇ ತಾನೆ. ಇಂದ್ರಮ್ಮ ಮನೆಗೆ ಬಂದು ಸೀರೆ ಬದಲಾಯಿಸಿ, ನಾಳೆಗೆ ಅಕ್ಕಿ ನೆನೆಹಾಕು ಅಂದಳು, ಅಷ್ಟೇ. ಅವತ್ತು ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡ ಹಾಗೆ ಉಂಡೆ.

ನಮ್ಮೂರಿನ ಹಳ್ಳಕ್ಕೆ ಸೇತುವೆ ಕೇಳಿ ಹದಿನಾಲ್ಕು ವರ್ಷವಾಗಿದೆ, ಇನ್ನೂ ಪರಿಶೀಲನೆಯಲ್ಲಿದೆ. ಬೋರ್ಡು ಮಾತ್ರ ಇಪ್ಪತ್ತು ದಿನದಲ್ಲಿ ಬದಲಾಯಿತು. ಹೋದ ವಾರ ಸೋಮವಾರ ನಾನೂ ಇಂದ್ರಮ್ಮನೂ ಒಟ್ಟಿಗೇ ಬುಟ್ಟಿ ಹೊತ್ತು ಮೇಲೆ ಹೊರಟೆವು. ಹಳೇ ಬೋರ್ಡು ಇದ್ದ ಜಾಗದಲ್ಲಿ ಹೊಸ ಬೋರ್ಡು, ಹೆಂಗಸಿನ ಚಿತ್ರ ಅದೇ, ಮೂಗುತಿ ಅದೇ, ಕೆಳಗೆ ಚೆನ್ನಾಜಮ್ಮನ ಪ್ರಸಿದ್ಧ ಒತ್ತು ಶ್ಯಾವಿಗೆ. ತಪ್ಪನ್ನು ತಿದ್ದುವುದರಲ್ಲಿ ಇಲಾಖೆಯವರನ್ನು ಮೀರಿಸುವವರಿಲ್ಲ, ಒಬ್ಬಳನ್ನು ಸೇರಿಸಲು ಇನ್ನೊಬ್ಬಳನ್ನು ಅಳಿಸಿಬಿಟ್ಟಿದ್ದರು. ಇಂದ್ರಮ್ಮ ಬುಟ್ಟಿ ಇಳಿಸಿ ನಿಂತಳು.

"ಏನು ಬರೆದವ್ರೆ, ಓದು," ಅಂದಳು.

"ಇಂದ್ರಮ್ಮನ ಪ್ರಸಿದ್ಧ ಒತ್ತು ಶ್ಯಾವಿಗೆ, ಎರಡು ಕಿಲೋಮೀಟರ್," ಅಂತ ಓದಿದೆ.

ಅವಳು ಬಹಳ ಹೊತ್ತು ಬೋರ್ಡು ನೋಡಿದಳು. "ಸಂಘದ ಪುಸ್ತಕದಲ್ಲಿ ನನ್ನ ಹೆಸರು ವಾರಕ್ಕೊಂದು ಸಲ ಬರೀತೀನಿ ಕಣೆ. ಅದೊಂದು ನಂಗೆ ಗೊತ್ತಾಗ್ತದೆ. ಇಲ್ಲಿ ಅದಿಲ್ಲ." ಆಮೇಲೆ ಬುಟ್ಟಿಯ ಮೇಲಿನ ಬಾಳೆಲೆ ಸರಿ ಮಾಡುತ್ತಾ ಅಂದಳು, "ಆವತ್ತು ನಾನು ಹಾಡಲಿಲ್ಲ ಚೆನ್ನಿ. ಬಾಯಿ ಆಡಿಸ್ತಿದ್ದೆ. ಕೇಳಿಸ್ಕೊಂಡೆ."

"ಎಲ್ಲಾನೂ?"

"ನಿನ್ನ ದನಿ ಕೇಳಿ ಬಾಯಿಪಾಠ ಮಾಡೋದೇ ಇಪ್ಪತ್ತೇಳು ವರ್ಷದಿಂದ ನನ್ನ ಕೆಲಸ. ಹದಿನಾರು ಹೆಂಗಸರು ಹಾಡಿದ್ರೆ ಮುಚ್ಚೋಗ್ತದಾ. ಒಪ್ಪಿಸಲಾ?"

ಬೇಡ ಅಕ್ಕ ಅಂದೆ. ನನಗೆ ಅಳು ಬಂತು. ತಪ್ಪಾಯಿತು ಅನ್ನಲು ಬಾಯಿ ತೆರೆದೆ. ಅವಳು ನೀರಿನ ಬಾಟ್ಲಿಯ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟು, "ಮೊದ್ಲು ಬಾಯಿಗೆ ತುಂಬ್ಕೊ, ಬಂಡೆ ಬಂತು," ಅಂದಳು. ತುಂಬಿಕೊಂಡೆ. ಅವಳೂ ಬಾಟ್ಲಿ ಎತ್ತಿದಳು, ತುಂಬಿಕೊಂಡಳು ಅಂದುಕೊಂಡೆ. ಇಬ್ಬರೂ ಬಂಡೆಯ ಮೇಲೆ ನಡೆದೆವು. ಸೋಮವಾರವಾದ್ದರಿಂದ ಒಂದು ನರಪಿಳ್ಳೆಯೂ ಇರಲಿಲ್ಲ, ಪಾಪಣ್ಣ ಗೂಡಿನಲ್ಲಿ ತೂಕಡಿಸುತ್ತಿದ್ದ. ಸರಿಯಾಗಿ ಅರ್ಧ ದಾರಿಗೆ ಇಂದ್ರಮ್ಮ ನಿಂತಳು, ಬುಟ್ಟಿ ಇಳಿಸಿದಳು, ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ನಾನು ಇಂದ್ರಮ್ಮ. ನಂಗೆ ಓದೋಕೆ ಬರಲ್ಲ. ಎಂದೂ ಬರ್ತಿರಲಿಲ್ಲ. ಪೇಪರು ಓದೋಳು ನಮ್ಮ ಚೆನ್ನಿ. ಹಿಟ್ಟು ಕಲಸೋಳೂ ಅವಳೇ. ಉಪ್ಪು ಜಾಸ್ತಿ ಹಾಕ್ತಾಳೆ, ಇಷ್ಟು ವರ್ಷ ನಾನು ಹೇಳಿಲ್ಲ."

ಪಾಪಣ್ಣ ಬೆಚ್ಚಿ ಎದ್ದು ಟಿಕೆಟ್ ಅಂದ. ಅವಳು ಅವನತ್ತ ನೋಡಲೂ ಇಲ್ಲ. ನಾನು ಕೈ ಎತ್ತಿದೆ, ತಲೆ ಆಡಿಸಿದೆ, ಕಣ್ಣಲ್ಲಿ ನೀರು ಹರಿಯಿತು, ಬಾಯಲ್ಲಿದ್ದ ನೀರನ್ನು ಮಾತ್ರ ನುಂಗಲಿಲ್ಲ. ಮಿಕ್ಕ ಐವತ್ತು ಹೆಜ್ಜೆ ಅವಳು ಹಗುರಾಗಿ ನಡೆದಳು, ನಾನು ಕೆನ್ನೆ ಉಬ್ಬಿಸಿಕೊಂಡು ಹಿಂದೆ ಹಿಂದೆ ಹೋದೆ.

ಇವತ್ತು ಎಂಟನೇ ದಿನ. ಬೆಳಗ್ಗೆ ಅವಳೇ ಗಿರಣಿ ಬಸವಲಿಂಗನ ಹತ್ತಿರ ಹೋಗಿ, ನಾಳೆ ಹತ್ತೂಕಾಲಿಗೆ ನನ್ನ ಕೂಗು ಬೀಳ್ತದೆ, ಮಿಷನ್ನು ನಿಲ್ಲಿಸಿರಬೇಕು ಅಂತ ಹೇಳಿ ಬಂದಿದ್ದಾಳೆ. ನಾಳೆಯಿಂದ ಪೇಪರನ್ನು ನೀನೇ ಹೊರಗೆ ಬೆಂಚಿನಲ್ಲಿ ಕೂತು ಓದು, ನಾನೂ ಮುದುಕರ ಜೊತೆ ಕೂತು ಕೇಳ್ತೀನಿ, ಹಾಳೆ ಮಗುಚೋ ತಾಪತ್ರಯ ನನಗೆ ಸಾಕಾಗಿದೆ ಅಂದಳು. ಸರಿ ಅಕ್ಕ ಅಂದೆ. ಈಗ ಹಿಟ್ಟು ಕಲಸುತ್ತಾ ಕೂತಿದ್ದೇನೆ. ಉಪ್ಪಿನ ಡಬ್ಬಿ ಪಕ್ಕದಲ್ಲೇ ಇದೆ, ಕೈ ಹಾಕಲು ಧೈರ್ಯ ಬರುತ್ತಿಲ್ಲ.